ನಾಯಿಗೆ ಸಕ್ಕರೆ ಕಾಯಿಲೆ ಬಂದರೆ: ದಿನಕ್ಕೆರಡು ಸೂಜಿ, ಒಂದೇ ಅಳತೆಯ ಊಟ

ಎಂಟು ವರ್ಷದ ನಾಯಿ. ಇದ್ದಕ್ಕಿದ್ದಂತೆ ನೀರಿನ ಬಟ್ಟಲನ್ನು ದಿನಕ್ಕೆ ನಾಲ್ಕು ಸಲ ಖಾಲಿ ಮಾಡತೊಡಗುತ್ತದೆ. ಇಷ್ಟು ವರ್ಷ ಮನೆಯೊಳಗೆ ಒಂದು ಹನಿ ಮೂತ್ರ ಮಾಡದಿದ್ದದ್ದು ಈಗ ರಾತ್ರಿ ಹಾಲ್‌ನಲ್ಲೇ ಮಾಡಿ ಸೋಫಾ ಕೆಳಗೆ ಸೇರಿಕೊಳ್ಳುತ್ತದೆ. ಹಾಕಿದ್ದನ್ನೆಲ್ಲ ತಿಂದು ಇನ್ನೂ ಬೇಕು ಎನ್ನುತ್ತದೆ, ಆದರೆ ಬೆನ್ನು ಸವರಿದರೆ ಮೂಳೆ ಕೈಗೆ ಸಿಗುತ್ತದೆ. ಅಂಗಳದಲ್ಲಿ ಅದು ಮೂತ್ರ ಮಾಡಿದ ಜಾಗಕ್ಕೆ ಇರುವೆ ಸಾಲುಗಟ್ಟುತ್ತವೆ.

ಅತಿ ಬಾಯಾರಿಕೆ, ಅತಿ ಮೂತ್ರ, ಅತಿ ಹಸಿವು, ಜೊತೆಗೆ ತೂಕ ಇಳಿಕೆ. ಈ ನಾಲ್ಕು ಒಟ್ಟಿಗೆ ಕಂಡರೆ ನಾಯಿಯನ್ನು ಬೈಯಬೇಡಿ, ಪಶುವೈದ್ಯರಿಗೆ ತೋರಿಸಿ. ಸಕ್ಕರೆ ಕಾಯಿಲೆ, ಅಂದರೆ ಮಧುಮೇಹ, ನಾಯಿಗಳಿಗೂ ಬರುತ್ತದೆ. ಹೆಚ್ಚಾಗಿ 7 ವರ್ಷ ದಾಟಿದ ಮೇಲೆ, ಸಂತಾನಹರಣ ಮಾಡಿಸದ ಹೆಣ್ಣು ನಾಯಿಗಳಲ್ಲಿ ಇನ್ನೂ ಹೆಚ್ಚು. ಪಗ್, ಮಿನಿಯೇಚರ್ ಪೂಡಲ್, ಮಿನಿಯೇಚರ್ ಶ್ನೌಜರ್, ಸಮೊಯೆಡ್ ತಳಿಗಳಿಗೆ ಅಪಾಯ ಜಾಸ್ತಿ, ಬಾಕ್ಸರ್‌ಗೆ ಕಡಿಮೆ. ಬೀದಿಯಿಂದ ತಂದು ಸಾಕಿದ ನಾಯಿಗೆ ಬರುವುದಿಲ್ಲ ಎಂದೇನೂ ಇಲ್ಲ.

## ದೇಹದೊಳಗೆ ಏನು ಕೆಡುತ್ತದೆ

ತಿಂದ ಅನ್ನ, ಮುದ್ದೆ ಎಲ್ಲವೂ ಜೀರ್ಣವಾಗಿ ಗ್ಲುಕೋಸ್ ಎಂಬ ಸಕ್ಕರೆಯಾಗಿ ರಕ್ತ ಸೇರುತ್ತವೆ. ರಕ್ತದಿಂದ ಅದು ಸ್ನಾಯು, ಕೊಬ್ಬು ಮುಂತಾದ ಕಡೆಯ ಜೀವಕೋಶಗಳಿಗೆ ಹೋಗಬೇಕಾದರೆ ಇನ್ಸುಲಿನ್ ಬೇಕು. ಅದನ್ನು ತಯಾರಿಸುವುದು ಹೊಟ್ಟೆಯ ಪಕ್ಕದ ಮೇದೋಜೀರಕ ಗ್ರಂಥಿ. ಇನ್ಸುಲಿನ್ ನಿಂತುಹೋದ ದೇಹವೆಂದರೆ, ಗೋದಾಮಿನ ತುಂಬ ಅಕ್ಕಿ ಇದ್ದೂ ಹಂಚುವವರಿಲ್ಲದ ನ್ಯಾಯಬೆಲೆ ಅಂಗಡಿ. ಚೀಲಗಳು ರಾಶಿ ಬೀಳುತ್ತಿರುತ್ತವೆ, ಸಾಲಿನಲ್ಲಿ ನಿಂತವರು ಹಸಿದೇ ಇರುತ್ತಾರೆ. ನಾಯಿ ಎಷ್ಟು ತಿಂದರೂ ಬಡಕಲಾಗುವುದು ಇದಕ್ಕೇ. ಹಸಿದ ದೇಹ ತನ್ನದೇ ಕೊಬ್ಬು, ಸ್ನಾಯುಗಳನ್ನು ಕರಗಿಸಿಕೊಳ್ಳುತ್ತದೆ.

ಆರೋಗ್ಯವಂತ ನಾಯಿಯ ರಕ್ತದಲ್ಲಿ ಸಕ್ಕರೆ ಸುಮಾರು 70ರಿಂದ 120 ಇರುತ್ತದೆ. ಡೆಸಿಲೀಟರಿಗೆ ಮಿಲಿಗ್ರಾಂ ಲೆಕ್ಕ, ನಮ್ಮ ಮನೆಗಳ ಗ್ಲುಕೋಮೀಟರ್ ತೋರಿಸುವ ಅದೇ ಲೆಕ್ಕ. ಅದು 180ರಿಂದ 220 ದಾಟಿದರೆ ಮೂತ್ರಪಿಂಡಕ್ಕೆ ಸಕ್ಕರೆಯನ್ನು ತಡೆದಿಡಲು ಆಗುವುದಿಲ್ಲ. ಮಹಡಿಯ ತೊಟ್ಟಿ ತುಂಬಿದಾಗ ಪಕ್ಕದ ಪೈಪಿನಿಂದ ನೀರು ಸುರಿಯುವಂತೆ ಸಕ್ಕರೆ ಮೂತ್ರಕ್ಕೆ ಚೆಲ್ಲುತ್ತದೆ, ತನ್ನ ಜೊತೆ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಇರುವೆ ಬರುವುದು ಆ ಸಿಹಿಗೆ.

ಇಲ್ಲಿ ಬಹಳ ಮನೆಗಳಲ್ಲಿ ಒಂದು ತಪ್ಪಾಗುತ್ತದೆ. ನಾಯಿ ಹೆಚ್ಚು ನೀರು ಕುಡಿಯುವುದರಿಂದಲೇ ಮೂತ್ರ ಹೆಚ್ಚು ಮಾಡುತ್ತಿದೆ ಎಂದುಕೊಂಡು ರಾತ್ರಿ ಬಟ್ಟಲು ಎತ್ತಿಡುತ್ತಾರೆ. ನಿಜ ತಿರುಗುಮುರುಗಾಗಿದೆ: ಮೂತ್ರದಲ್ಲಿ ನೀರು ಹೋಗುತ್ತಿರುವುದರಿಂದ ಅದು ಕುಡಿಯುತ್ತಿದೆ. ನೀರು ತಪ್ಪಿಸಿದರೆ ಒಂದೇ ರಾತ್ರಿಯಲ್ಲಿ ನಿರ್ಜಲೀಕರಣವಾಗಬಹುದು. ಸಕ್ಕರೆ ಕಾಯಿಲೆಯ ನಾಯಿಗೆ ನೀರು ಯಾವಾಗಲೂ ಕೈಗೆಟುಕುವಂತೆ ಇರಲೇಬೇಕು.

## ಮಾತ್ರೆ ಯಾಕೆ ಸಾಲದು

ಮನುಷ್ಯರಲ್ಲಿ ಹೆಚ್ಚಿನವರಿಗೆ ಬರುವ ಮಧುಮೇಹದಲ್ಲಿ ಇನ್ಸುಲಿನ್ ಇರುತ್ತದೆ, ದೇಹ ಅದರ ಮಾತು ಕೇಳುವುದಿಲ್ಲ. ಮೆಟ್‌ಫಾರ್ಮಿನ್, ಗ್ಲಿಮಿಪಿರೈಡ್ ಮಾತ್ರೆಗಳು ಆ ಸ್ಥಿತಿಗೆ ಮಾಡಿದವು. ನಾಯಿಗಳಲ್ಲಿ ಬಹುಪಾಲು ಇನ್ಸುಲಿನ್ ತಯಾರಿಸುವ ಕೋಶಗಳೇ ನಾಶವಾಗಿರುತ್ತವೆ. ಇಲ್ಲದ ಇನ್ಸುಲಿನ್ ಅನ್ನು ಮಾತ್ರೆ ಚುರುಕುಗೊಳಿಸಲಾರದು. ಅಜ್ಜಿಯ ಮಾತ್ರೆಯ ಪಟ್ಟಿಯಿಂದ ಅರ್ಧ ಮುರಿದು ಕೊಡುವುದು, ಹಾಗಲಕಾಯಿ ರಸ, ಮೆಂತ್ಯದ ನೀರು ಕುಡಿಸುವುದು, ಇವೆಲ್ಲ ಒಳ್ಳೆಯ ಮನಸ್ಸಿನಿಂದಲೇ ಆದರೂ ಚಿಕಿತ್ಸೆಯ ವಾರಗಳನ್ನು ತಿಂದುಹಾಕುತ್ತವೆ. ನಾಯಿಗೆ ಬೇಕಾದದ್ದು ಇನ್ಸುಲಿನ್ ಚುಚ್ಚುಮದ್ದು, ಸಾಮಾನ್ಯವಾಗಿ 12 ಗಂಟೆಗೊಮ್ಮೆ, ಜೀವನಪೂರ್ತಿ.

ಈ ಔಷಧಿ ಸಿಕ್ಕಿದ್ದೇ ನಾಯಿಗಳಿಂದ ಎನ್ನುವುದನ್ನೂ ಇಲ್ಲಿ ನೆನೆಯಬೇಕು. 1889ರಲ್ಲಿ ಯುರೋಪಿನ ಸ್ಟ್ರಾಸ್‌ಬರ್ಗ್‌ನಲ್ಲಿ ಮಿಂಕೋವ್‌ಸ್ಕಿ ಮತ್ತು ಫಾನ್ ಮೆರಿಂಗ್ ಎಂಬ ವೈದ್ಯರು ನಾಯಿಯೊಂದರ ಮೇದೋಜೀರಕ ಗ್ರಂಥಿ ತೆಗೆದಾಗ ಅದಕ್ಕೆ ಸಕ್ಕರೆ ಕಾಯಿಲೆ ಬಂತು. ಕಾಯಿಲೆಯ ಮೂಲ ಯಾವ ಅಂಗದಲ್ಲಿದೆ ಎಂಬುದು ಹಾಗೆ ತಿಳಿಯಿತು. 1921ರಲ್ಲಿ ಕೆನಡಾದ ಟೊರೊಂಟೊದಲ್ಲಿ ಸಂಶೋಧಕರಾದ ಬ್ಯಾಂಟಿಂಗ್ ಮತ್ತು ಬೆಸ್ಟ್ ಆ ಗ್ರಂಥಿಯ ಸಾರವನ್ನು ಮಧುಮೇಹಿ ನಾಯಿಗಳಿಗೆ ಚುಚ್ಚಿ ಸಕ್ಕರೆ ಇಳಿಸಿ ತೋರಿಸಿದರು. ಮರುವರ್ಷದ ಜನವರಿಯಲ್ಲಿ ಅದು ಮೊದಲ ಸಲ ಒಬ್ಬ ಹುಡುಗನಿಗೆ ಸಿಕ್ಕಿತು.

## ಇದೇ ಕಾಯಿಲೆ ಎಂದು ತಿಳಿಯುವುದು

ಆಸ್ಪತ್ರೆಗೆ ಹೋಗುವ ಮೊದಲು ಮನೆಯಲ್ಲೇ ಮಾಡಬಹುದಾದ ಕೆಲಸವೊಂದಿದೆ. ಬೆಳಿಗ್ಗೆ 2 ಲೀಟರ್ ನೀರು ಅಳೆದು ಒಂದೇ ಪಾತ್ರೆಗೆ ಹಾಕಿ. ಮರುದಿನ ಅದೇ ಹೊತ್ತಿಗೆ ಉಳಿದದ್ದನ್ನು ಅಳೆಯಿರಿ. ಮಧ್ಯೆ ಸೇರಿಸಿದ್ದರೆ ಅದನ್ನೂ ಬರೆದಿಡಿ. ಮೂರು ದಿನ ಹೀಗೆ ಮಾಡಿ ಸರಾಸರಿ ತೆಗೆಯಿರಿ. ತೂಕದ ಪ್ರತಿ ಕೆಜಿಗೆ ದಿನಕ್ಕೆ 100 ಮಿಲಿಗಿಂತ ಹೆಚ್ಚು ಕುಡಿಯುತ್ತಿದ್ದರೆ, ಅಂದರೆ 10 ಕೆಜಿಯ ನಾಯಿ ಒಂದು ಲೀಟರ್ ದಾಟಿದರೆ, ಅದು ಸಹಜವಲ್ಲ. ಮೂತ್ರಪಿಂಡದ ಕಾಯಿಲೆಯಲ್ಲೂ ಗರ್ಭಕೋಶದ ಕೀವಿನಲ್ಲೂ ಹೀಗಾಗುವುದರಿಂದ ಪರೀಕ್ಷೆ ಬೇಕೇ ಬೇಕು.

ವೈದ್ಯರು ರಕ್ತದಲ್ಲೂ ಮೂತ್ರದಲ್ಲೂ ಸಕ್ಕರೆ ನೋಡುತ್ತಾರೆ. ಎರಡೂ ಕಡೆ ಹೆಚ್ಚಿದ್ದು ಲಕ್ಷಣಗಳೂ ಹೊಂದಿದರೆ ಮಧುಮೇಹ ಖಚಿತ. ಆಗಲೇ ಮೂತ್ರದ ಸೋಂಕು, ಯಕೃತ್ತು, ಮೂತ್ರಪಿಂಡ, ಮೇದೋಜೀರಕದ ಉರಿಯೂತ ಇವನ್ನೂ ನೋಡಿಸುವುದು ಒಳ್ಳೆಯದು. ಊರಿನಲ್ಲಿ ಸೌಲಭ್ಯ ಸಾಲದಿದ್ದರೆ ಬೆಂಗಳೂರಿನ ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ್‌ನ ಪಶುವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿವೆ.

## ನಲವತ್ತೋ, ನೂರೋ

ಇಡೀ ಲೇಖನದಲ್ಲಿ ಒಂದೇ ಭಾಗ ಓದುವಷ್ಟು ಹೊತ್ತಿದ್ದರೆ ಇದನ್ನು ಓದಿ.

ನಾಯಿಗಳಿಗೆ ಹೆಚ್ಚಾಗಿ ಬರೆಯುವ ಇನ್ಸುಲಿನ್ ಎರಡು ಬಗೆ. ಒಂದು, ಪ್ರಾಣಿಗಳಿಗೆಂದೇ ತಯಾರಾದ ಕ್ಯಾನಿನ್ಸುಲಿನ್. ಇದು ಹಂದಿಯ ಇನ್ಸುಲಿನ್, ನಾಯಿಯ ಇನ್ಸುಲಿನ್‌ಗೂ ಇದಕ್ಕೂ ರಚನೆಯಲ್ಲಿ ವ್ಯತ್ಯಾಸವೇ ಇಲ್ಲ. ಇನ್ನೊಂದು, ಮನುಷ್ಯರಿಗೆ ಕೊಡುವ ಎನ್‌ಪಿಎಚ್ ಎಂಬ ನಿಧಾನವಾಗಿ ಕೆಲಸ ಮಾಡುವ ಇನ್ಸುಲಿನ್, ಯಾವ ಮೆಡಿಕಲ್ ಸ್ಟೋರಿನಲ್ಲೂ ಸಿಗುವಂಥದ್ದು.

ಬಾಟಲಿಯ ಮೇಲೆ ಒಂದು ಮಿಲಿಯಲ್ಲಿ ಎಷ್ಟು ಯೂನಿಟ್ ಇದೆ ಎಂದು ಬರೆದಿರುತ್ತದೆ. ಕ್ಯಾನಿನ್ಸುಲಿನ್‌ನಲ್ಲಿ 40. ಮನುಷ್ಯರ ಇನ್ಸುಲಿನ್ ನಮ್ಮ ದೇಶದಲ್ಲಿ 40ರ ಬಾಟಲಿಯಲ್ಲೂ ಸಿಗುತ್ತದೆ, 100ರಲ್ಲೂ ಸಿಗುತ್ತದೆ. ಅಮೆರಿಕದಲ್ಲಿ ಮನುಷ್ಯರ ಎನ್‌ಪಿಎಚ್ ಎಂದರೆ 100. ಅಲ್ಲಿಯ ಪಶುವೈದ್ಯರು ಬರೆದ ಸಲಹೆಗಳನ್ನು ಅಂತರ್ಜಾಲದಲ್ಲಿ ಓದಿ ಇಲ್ಲಿಯ 40ರ ಬಾಟಲಿಗೆ ಅನ್ವಯಿಸುವವರು, ಅಲ್ಲಿಂದ ನಾಯಿಯ ಜೊತೆ ಊರಿಗೆ ಮರಳಿ ಹಳೆಯ ಸಿರಿಂಜನ್ನೇ ಬಳಸುವವರು ಈ ಒಂದು ಅಂಕಿಯಲ್ಲಿ ಎಡವುತ್ತಾರೆ.

ಸಿರಿಂಜೂ ಎರಡು ಬಗೆ. 40ರ ಬಾಟಲಿಗೆ 40ರ ಸಿರಿಂಜ್, ಅದರ ಸೂಜಿಯ ಮುಚ್ಚಳ ಕೆಂಪು. 100ರ ಬಾಟಲಿಗೆ 100ರ ಸಿರಿಂಜ್, ಮುಚ್ಚಳ ಕಿತ್ತಳೆ. ಅದಲುಬದಲಾದರೆ ಏನಾಗುತ್ತದೆ ನೋಡಿ. ವೈದ್ಯರು 5 ಯೂನಿಟ್ ಎಂದಿದ್ದಾರೆ, ಬಾಟಲಿ 100ರದ್ದು, ಕೈಯಲ್ಲಿ ಕೆಂಪು ಮುಚ್ಚಳದ ಸಿರಿಂಜ್. 5ರ ಗೆರೆಯವರೆಗೆ ಎಳೆದರೆ ಬರುವುದು 0.125 ಮಿಲಿ, ಅಂದರೆ ಹನ್ನೆರಡೂವರೆ ಯೂನಿಟ್. ಸಣ್ಣ ನಾಯಿಯ ಜೀವ ತೆಗೆಯಲು ಅಷ್ಟು ಸಾಕು. ತಿರುಗಾ ಆದರೆ, 40ರ ಬಾಟಲಿಯಿಂದ ಕಿತ್ತಳೆ ಮುಚ್ಚಳದ ಸಿರಿಂಜಿನಲ್ಲಿ 5ರ ಗೆರೆಗೆ ಎಳೆದರೆ, ಹೋಗುವುದು ಬರೀ 2 ಯೂನಿಟ್. ವಾರಗಟ್ಟಲೆ ಸಕ್ಕರೆ ಇಳಿಯುವುದಿಲ್ಲ, ಡೋಸ್ ಸಾಲದೆಂದು ಏರಿಸುತ್ತಾರೆ, ಒಂದು ದಿನ ಸರಿಯಾದ ಸಿರಿಂಜ್ ಸಿಕ್ಕಾಗ ಅದೇ ಏರಿಸಿದ ಡೋಸ್ ಆಪತ್ತಾಗುತ್ತದೆ. ಬೇರೆ ಔಷಧಿ ಹಾಕುವ ಮಿಲಿ ಸಿರಿಂಜನ್ನಂತೂ ಮುಟ್ಟಲೇಬಾರದು.

ಅಂಗಡಿಯಲ್ಲಿ ಇನ್ನೊಂದನ್ನೂ ನೋಡಿಕೊಳ್ಳಬೇಕು. ಎನ್‌ಪಿಎಚ್ ಕೇಳಿದಾಗ ಶೇ 30 ಮತ್ತು 70ರ ಮಿಶ್ರ ಇನ್ಸುಲಿನ್ ಕೈಗೆ ಬರಬಹುದು. ಅದರಲ್ಲಿ ವೇಗವಾಗಿ ಕೆಲಸ ಮಾಡುವ ಅಂಶವೂ ಸೇರಿರುತ್ತದೆ. ಎರಡೂ ಹಾಲಿನಂತೆ ಮಬ್ಬಾಗಿಯೇ ಇರುವುದರಿಂದ ಕಣ್ಣಳತೆ ಸಾಲದು, ಲೇಬಲ್ ಓದಬೇಕು. ಹಳೆಯ ಡಬ್ಬಿಯನ್ನೇ ಅಂಗಡಿಗೆ ಒಯ್ದು ಅಕ್ಷರಕ್ಕೆ ಅಕ್ಷರ ಹೋಲಿಸಿ ತನ್ನಿ.

ಡೋಸ್ ನಿಗದಿ ಮಾಡುವುದು ವೈದ್ಯರ ಕೆಲಸ. ಸಾಮಾನ್ಯವಾಗಿ ಪ್ರತಿ ಕೆಜಿಗೆ 0.25ರಿಂದ 0.5 ಯೂನಿಟ್, ದಿನಕ್ಕೆರಡು ಸಲ ಎಂದು ಶುರುಮಾಡುತ್ತಾರೆ. ಮನೆಯವರು ತಾವಾಗಿ ಏರಿಸಬಾರದು. ಸಕ್ಕರೆ ಹೆಚ್ಚಾಗಿ ಕೆಡಲು ದಿನಗಳು, ವಾರಗಳು ಬೇಕು. ಇನ್ಸುಲಿನ್ ಹೆಚ್ಚಾದರೆ ಕೆಲವೇ ಗಂಟೆ ಸಾಕು.

## ಬಾಟಲಿಯ ಜೋಪಾನ

ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿಡಿ, ಫ್ರೀಜರ್‌ನಲ್ಲಿ ಬೇಡ. ಹಿಂಬದಿಯ ಗೋಡೆಗೆ ತಾಗಿದರೂ ಕೆಲವು ಫ್ರಿಜ್‌ಗಳಲ್ಲಿ ಹೆಪ್ಪುಗಟ್ಟುತ್ತದೆ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೆ ನೋಡಲು ಚೆನ್ನಾಗೇ ಕಂಡರೂ ಕೆಟ್ಟಿರುತ್ತದೆ. ಬಾಟಲಿ ತೆರೆದ ದಿನಾಂಕವನ್ನು ಪೆನ್ನಿನಲ್ಲಿ ಅದರ ಮೇಲೇ ಬರೆಯಿರಿ. ಲೇಬಲ್ ಹೇಳಿದ ಅವಧಿ, ಸಾಮಾನ್ಯವಾಗಿ 4ರಿಂದ 6 ವಾರ, ಮುಗಿದ ಮೇಲೆ ಉಳಿದಿದ್ದರೂ ಬಿಸಾಡಬೇಕು. 40ರ 10 ಮಿಲಿ ಬಾಟಲಿಯಲ್ಲಿ 400 ಯೂನಿಟ್ ಇರುತ್ತದೆ. ದಿನಕ್ಕೆ 10 ಯೂನಿಟ್ ಬೇಕಾದ ನಾಯಿಗೆ ಅದು ಲೆಕ್ಕಕ್ಕೆ 40 ದಿನ ಬರುತ್ತದೆ, ಆದರೆ ಲೇಬಲ್ 4 ವಾರ ಎಂದಿದ್ದರೆ ನೂರಕ್ಕೂ ಹೆಚ್ಚು ಯೂನಿಟ್ ಉಳಿದಿರುವಾಗಲೇ ಹೊಸದು ತೆರೆಯಬೇಕು. ಸಂಕಟವಾಗುತ್ತದೆ ನಿಜ. ಆದರೆ ಸತ್ವ ಕಳೆದುಕೊಂಡ ಇನ್ಸುಲಿನ್ ನೀರಿಗೆ ಸಮ.

ಕರೆಂಟ್ ಹೋದರೆ ಮುಚ್ಚಿದ ಫ್ರಿಜ್‌ನಲ್ಲಿ ಕೆಲವು ಗಂಟೆ ತೊಂದರೆಯಿಲ್ಲ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ದಿನವಿಡೀ ವಿದ್ಯುತ್ ಇಲ್ಲದಾಗ, ಬಾಟಲಿಯನ್ನು ನೀರು ಹೋಗದಂತೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ನೀರು ತುಂಬಿದ ಮಣ್ಣಿನ ಮಡಕೆಯಲ್ಲಿ, ನೆರಳಿನಲ್ಲಿ ಇಡಬಹುದು. ನಿಲ್ಲಿಸಿದ ಕಾರಿನಲ್ಲಿ ಹತ್ತು ನಿಮಿಷವೂ ಬಿಡಬೇಡಿ.

## ಸೂಜಿ ಹಾಕುವ ಕ್ರಮ

ಮೊದಲು ಊಟ, ಆಮೇಲೆ ಸೂಜಿ. ಈ ಕ್ರಮ ತಪ್ಪಬಾರದು. ಸೂಜಿ ಹಾಕಿದ ಮೇಲೆ ನಾಯಿ ಊಟ ಮುಟ್ಟದಿದ್ದರೆ ಒಳಗೆ ಹೋದ ಇನ್ಸುಲಿನ್ ಅನ್ನು ವಾಪಸ್ ತೆಗೆಯಲು ಬರುವುದಿಲ್ಲ.

ಎನ್‌ಪಿಎಚ್ ಬಾಟಲಿಯ ತಳದಲ್ಲಿ ಬಿಳಿ ಗಸಿ ಕೂತಿರುತ್ತದೆ. ಎರಡು ಅಂಗೈ ನಡುವೆ ಹತ್ತಿಪ್ಪತ್ತು ಸಲ ನಿಧಾನ ಹೊರಳಿಸಿ ಒಂದೇ ಸಮ ಬೆರೆಯಲಿ. ಗಸಿ ಬೆರೆಯದೆ ಎಳೆದರೆ ಒಂದು ದಿನ ತೆಳು, ಇನ್ನೊಂದು ದಿನ ಗಟ್ಟಿ ಡೋಸ್ ಹೋಗುತ್ತದೆ. ಕ್ಯಾನಿನ್ಸುಲಿನ್‌ಗೆ ಅದರ ಚೀಟಿಯಲ್ಲಿ ಹೇಳಿದಂತೆ ಮಾಡಿ, ಎರಡಕ್ಕೂ ಕ್ರಮ ಒಂದೇ ಅಲ್ಲ. ಬೆರೆಸಿದ ಮೇಲೂ ಹರಳು, ಗಂಟು ಉಳಿದಿದ್ದರೆ ಆ ಬಾಟಲಿ ಬೇಡ.

ಬಾಟಲಿಯನ್ನು ತಲೆಕೆಳಗೆ ಹಿಡಿದು ಬೇಕಾದ್ದಕ್ಕಿಂತ ತುಸು ಹೆಚ್ಚು ಎಳೆಯಿರಿ. ಗುಳ್ಳೆ ಇದ್ದರೆ ಸಿರಿಂಜಿಗೆ ಬೆರಳಲ್ಲಿ ತಟ್ಟಿ ಮೇಲೆ ತಂದು, ಬಾಟಲಿಗೇ ಹಿಂದಕ್ಕೆ ತಳ್ಳಿ ಗೆರೆಗೆ ಸರಿಮಾಡಿ. 3 ಯೂನಿಟ್ ಡೋಸಿನಲ್ಲಿ ಒಂದು ಯೂನಿಟ್ಟಿನಷ್ಟು ಗುಳ್ಳೆ ಇದ್ದರೆ ಮೂರನೇ ಒಂದು ಪಾಲು ಔಷಧಿಯೇ ಹೋಗದಂತಾಯಿತು.

ಜಾಗ: ಬೆನ್ನುಮೂಳೆಯಿಂದ ಎರಡು ಮೂರು ಬೆರಳು ಪಕ್ಕಕ್ಕೆ, ಭುಜದ ಹಿಂದಿನಿಂದ ಸೊಂಟದವರೆಗಿನ ಪಕ್ಕೆ. ಬೆಳಿಗ್ಗೆ ಬಲಗಡೆ, ಸಂಜೆ ಎಡಗಡೆ, ಪ್ರತಿ ಸಲ ಒಂದೆರಡು ಬೆರಳು ಸರಿಸುತ್ತಾ ಹೋಗಿ. ಒಂದೇ ಕಡೆ ಚುಚ್ಚುತ್ತಿದ್ದರೆ ಚರ್ಮ ಗಂಟುಕಟ್ಟಿ ಔಷಧಿ ಹೀರುವುದಿಲ್ಲ. ಹೆಬ್ಬೆರಳು, ತೋರುಬೆರಳಲ್ಲಿ ಚರ್ಮವನ್ನು ಡೇರೆಯಂತೆ ಎತ್ತಿ, ಆ ಡೇರೆಯ ಬುಡಕ್ಕೆ ಓರೆಯಾಗಿ ಸೂಜಿ ಇಳಿಸಿ, ಪೂರ್ತಿ ಒತ್ತಿ, ಐದು ಎಣಿಸಿ ತೆಗೆಯಿರಿ. ಇನ್ಸುಲಿನ್ ಸೂಜಿ ಕೂದಲೆಳೆಯಷ್ಟು ಸಣ್ಣದು, ಹೆಚ್ಚಿನ ನಾಯಿಗಳು ತಿರುಗಿ ಕೂಡ ನೋಡುವುದಿಲ್ಲ. ಮೊದಲ ದಿನಗಳಲ್ಲಿ ನಡುಗುವುದು ನಮ್ಮ ಕೈ. ವೈದ್ಯರ ಎದುರು ಸಲೈನ್ ತುಂಬಿದ ಸಿರಿಂಜಿನಲ್ಲಿ ಎರಡು ಮೂರು ಸಲ ಅಭ್ಯಾಸ ಮಾಡಿದರೆ ಕೈ ಹಿಡಿತಕ್ಕೆ ಬರುತ್ತದೆ.

ಸೂಜಿ ಡೇರೆಯ ಆಚೆ ಬದಿಗೆ ತೂರಿ ಔಷಧಿ ಕೂದಲಿನ ಮೇಲೆ ಚೆಲ್ಲಿದರೆ? ಕೂದಲು ಒದ್ದೆಯಾಗುತ್ತದೆ, ಇನ್ಸುಲಿನ್‌ನ ಘಾಟು ವಾಸನೆ ಬರುತ್ತದೆ. ಆಗಲೂ ಇನ್ನೊಮ್ಮೆ ಚುಚ್ಚಬೇಡಿ. ಎಷ್ಟು ಒಳಗೆ ಹೋಗಿದೆ ಎಂದು ಯಾರಿಗೂ ಗೊತ್ತಿಲ್ಲ. ಒಂದು ಡೋಸ್ ತಪ್ಪಿದರೆ ಆ ಅರ್ಧ ದಿನ ಸಕ್ಕರೆ ಏರಿರುತ್ತದೆ, ಅಷ್ಟೇ. ಎರಡು ಡೋಸ್ ಬಿದ್ದರೆ ಜೀವಕ್ಕೇ ಅಪಾಯ.

ಅಮ್ಮ ಹಾಕಿ ಹೋದ ಮೇಲೆ ಮಗ ಬಂದು ಮತ್ತೆ ಹಾಕುವುದು ನಿಜವಾಗಿ ನಡೆಯುವ ಅನಾಹುತ. ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಚೌಕದೊಳಗೆ ಬೆಳಿಗ್ಗೆಗೊಂದು, ಸಂಜೆಗೊಂದು ಗುರುತು, ಹಾಕಿದವರ ಹೆಸರಿನ ಮೊದಲ ಅಕ್ಷರದ ಜೊತೆ ಬರೆಯುವ ರೂಢಿ ಮಾಡಿಕೊಳ್ಳಿ. ಗುರುತು ಇದ್ದರೆ ಸೂಜಿ ಇಲ್ಲ. ಬಳಸಿದ ಸೂಜಿಗಳನ್ನು ದಪ್ಪ ಪ್ಲಾಸ್ಟಿಕ್ ಬಾಟಲಿಯಲ್ಲಿ ಕೂಡಿಟ್ಟು ಕ್ಲಿನಿಕ್ಕಿಗೆ ಕೊಡಿ, ಪೌರಕಾರ್ಮಿಕರ ಕೈಗೆ ಚುಚ್ಚುವಂತೆ ಕಸಕ್ಕೆ ಹಾಕಬೇಡಿ.

## ಊಟ: ಏನು ಎನ್ನುವುದಕ್ಕಿಂತ ಎಷ್ಟು, ಯಾವಾಗ

ಇನ್ಸುಲಿನ್ ಡೋಸ್ ದಿನವೂ ಒಂದೇ. ಅದಕ್ಕೆ ಎದುರಾಗಿ ನಿಲ್ಲುವ ಊಟವೂ ಒಂದೇ ಇರಬೇಕು. ಇವತ್ತು ಒಂದು ಹಿಡಿ ಅನ್ನ, ನಾಳೆ ಎರಡು ಮುದ್ದೆ, ನಾಡಿದ್ದು ಮದುವೆ ಮನೆಯ ಪಲಾವ್ ಎಂದಾದರೆ ಯಾವ ಡೋಸೂ ಸರಿಹೊಂದುವುದಿಲ್ಲ. 12 ಗಂಟೆ ಅಂತರದಲ್ಲಿ ಎರಡು ಸಮ ಊಟ, ಅಡುಗೆಮನೆಯ ತಕ್ಕಡಿಯಲ್ಲಿ ಗ್ರಾಂ ಲೆಕ್ಕದಲ್ಲಿ ತೂಗಿದ್ದು. ಬೆಳಿಗ್ಗೆ 7, ಸಂಜೆ 7 ಎಂದಿಟ್ಟುಕೊಂಡರೆ ಅರ್ಧ, ಒಂದು ಗಂಟೆ ಆಚೀಚೆ ಪರವಾಗಿಲ್ಲ.

ಸಂತಾನಹರಣ ಆದ, ಸಾಧಾರಣ ಓಡಾಟದ 10 ಕೆಜಿ ನಾಯಿಗೆ ದಿನಕ್ಕೆ ಸುಮಾರು 600 ಕಿಲೋಕ್ಯಾಲೊರಿ ಬೇಕು. ಬಡಕಲಾದದ್ದಕ್ಕೆ ಹೆಚ್ಚು, ದಪ್ಪಗಿರುವುದಕ್ಕೆ ಕಡಿಮೆ. ನಾರಿನಂಶ ಹೆಚ್ಚಿರುವ ಮಧುಮೇಹದ ಒಣ ಆಹಾರ ಸಿಗುತ್ತದೆ. ಮನೆಯ ಅಡುಗೆಯೇ ಎಂದಾದರೆ ಮಾಂಸ ಅಥವಾ ಮೊಟ್ಟೆ, ಅಳತೆಯ ಧಾನ್ಯ, ಬೇಯಿಸಿದ ಬೀನ್ಸ್, ಸೋರೆಕಾಯಿಯಂಥ ತರಕಾರಿಗಳ ಪಟ್ಟಿಯನ್ನು ವೈದ್ಯರಿಂದ ಮಾಡಿಸಿಕೊಳ್ಳಿ. ಕ್ಯಾಲ್ಸಿಯಂ ಮುಂತಾದವು ಬರೀ ಅನ್ನ-ಕೋಳಿಯಲ್ಲಿ ಸಾಲುವುದಿಲ್ಲ. ಮಧುಮೇಹದ ಜೊತೆ ಮೇದೋಜೀರಕದ ಉರಿಯೂತವೂ ಇರುವ ನಾಯಿಗೆ ಕೋಳಿಯ ಚರ್ಮ, ತುಪ್ಪ, ಕರಿದ ಪದಾರ್ಥ ವಿಷದಂತೆ.

ರಾಗಿಯ ವಿಚಾರ ಹೇಳಲೇಬೇಕು. ಸಕ್ಕರೆ ಕಾಯಿಲೆಗೆ ರಾಗಿ ಒಳ್ಳೆಯದು ಎಂದು ಅನ್ನ ನಿಲ್ಲಿಸಿ ಮುದ್ದೆ ಹಾಕುವವರಿದ್ದಾರೆ. ರಾಗಿಯಲ್ಲಿ ನಾರು ಹೆಚ್ಚಿರುವುದು ನಿಜ. ಆದರೆ ರಾಗಿ ಹಿಟ್ಟಿನಲ್ಲೂ ಮೂರರಲ್ಲಿ ಎರಡು ಪಾಲು ಪಿಷ್ಟವೇ. ಮುದ್ದೆ ಹಾಕಬಹುದು, ತೂಗಿ ಹಾಕಬೇಕು, ಮತ್ತು ಅನ್ನದಿಂದ ಮುದ್ದೆಗೆ ಬದಲಿಸುವುದನ್ನು ವೈದ್ಯರಿಗೆ ಹೇಳಿಯೇ ಮಾಡಬೇಕು.

ಹೆಚ್ಚಿನ ಮನೆಗಳಲ್ಲಿ ಸಕ್ಕರೆ ಏರಿಸುವುದು ಊಟವಲ್ಲ, ಬಿಸ್ಕತ್ತು. ಕಾಫಿಯ ಹೊತ್ತಿಗೆ ಅಪ್ಪ ಒಂದು, ಅಜ್ಜ ಒಂದು, ಶಾಲೆಯಿಂದ ಬಂದ ಮಗು ಎರಡು. ಯಾರಿಗೂ ತಾವು ಹೆಚ್ಚು ಕೊಟ್ಟಂತೆ ಅನಿಸುವುದಿಲ್ಲ. ಬಿಸ್ಕತ್ತು, ಬನ್, ರಸ್ಕ್, ಬೆಲ್ಲ, ಬಾಳೆಹಣ್ಣು, ಮಾವಿನಹಣ್ಣು, ಹೋಳಿಗೆಯ ಚೂರು ಎಲ್ಲ ನಿಲ್ಲಬೇಕು. ಪ್ರೀತಿಗೆ ಕೊಡಲು ಸೌತೆಕಾಯಿಯ ಬಿಲ್ಲೆ, ಬೆಂದ ಬೀನ್ಸ್, ಉಗುರಿನಷ್ಟು ಬೆಂದ ಕೋಳಿ ಸಾಕು. ಸಕ್ಕರೆರಹಿತ ಎಂದು ಬರೆದ ಬಿಸ್ಕತ್ತಿನಲ್ಲೂ ಮೈದಾ ಇರುತ್ತದೆ. ಕ್ಸೈಲಿಟಾಲ್ ಎಂಬ ಸಿಹಿ ಹಾಕಿದ ಚೂಯಿಂಗ್ ಗಮ್, ಮಿಠಾಯಿಗಳಂತೂ ನಾಯಿಗೆ ನೇರ ವಿಷ. ಒಂದು ಗಂಟೆಯೊಳಗೆ ಸಕ್ಕರೆ ಕುಸಿಯಬಹುದು, ಯಕೃತ್ತೂ ಹಾಳಾಗಬಹುದು.

ಊಟ ಬಿಟ್ಟ ದಿನ ಏನು ಮಾಡಬೇಕೆಂದು ಮೊದಲೇ ವೈದ್ಯರಿಂದ ಬರೆಸಿ ಫ್ರಿಜ್ ಬಾಗಿಲಿಗೆ ಅಂಟಿಸಿ. ಸಾಮಾನ್ಯವಾಗಿ ಪೂರ್ತಿ ತಿಂದರೆ ಪೂರ್ತಿ ಡೋಸ್, ಅರ್ಧ ತಿಂದರೆ ಅರ್ಧ, ಏನೂ ತಿನ್ನದಿದ್ದರೆ ಅಥವಾ ವಾಂತಿ ಮಾಡಿದರೆ ಡೋಸ್ ಹಾಕದೆ ಫೋನ್ ಮಾಡುವುದು. ದೀಪಾವಳಿಯ ಮೂರು ದಿನ ಪಟಾಕಿ ಸದ್ದಿಗೆ ಹೆದರಿ ಊಟ ಬಿಡುವ ನಾಯಿಗಳಿಗೆ ಈ ಚೀಟಿ ತುಂಬ ಬೇಕಾಗುತ್ತದೆ. ಆ ದಿನಗಳಲ್ಲಿ ಸಂಜೆಯ ಊಟವನ್ನು ಕತ್ತಲಾಗುವ ಮೊದಲೇ ಮುಗಿಸಲು, ಹಬ್ಬಕ್ಕೆ ಎರಡು ಮೂರು ದಿನ ಮುಂಚಿನಿಂದ ಎರಡೂ ಹೊತ್ತನ್ನು ದಿನಕ್ಕೆ ಅರ್ಧ ಗಂಟೆಯಂತೆ ಹಿಂದಕ್ಕೆ ತಂದುಕೊಳ್ಳಬಹುದು.

ನಡಿಗೆಯೂ ದಿನವೂ ಸರಿಸುಮಾರು ಒಂದೇ ಇರಲಿ. ವಾರವಿಡೀ ಮಲಗಿಸಿ ಭಾನುವಾರ ಬೆಟ್ಟ ಹತ್ತಿಸಿದರೆ ಸ್ನಾಯುಗಳು ಸಕ್ಕರೆ ಎಳೆದುಕೊಂಡು ರಕ್ತದಲ್ಲಿ ದಿಢೀರನೆ ಕಡಿಮೆಯಾಗುತ್ತದೆ.

## ಸಕ್ಕರೆ ಕುಸಿದಾಗ

60ಕ್ಕಿಂತ ಕೆಳಗಿಳಿದರೆ ಅಪಾಯ. ಸೂಜಿ ಹಾಕಿ 2ರಿಂದ 8 ಗಂಟೆಯ ನಡುವೆ ಇದರ ಸಾಧ್ಯತೆ ಹೆಚ್ಚು. ನಾಯಿ ಮಂಕಾಗುತ್ತದೆ, ಕುಡಿದವರಂತೆ ತೂರಾಡುತ್ತದೆ, ಹಿಂಗಾಲು ಕುಸಿಯುತ್ತದೆ, ಮೈ ನಡುಗುತ್ತದೆ, ಕರೆದರೆ ಗುರುತಿಲ್ಲದಂತೆ ನೋಡುತ್ತದೆ. ಮುಂದೆ ಫಿಟ್ಸ್, ಪ್ರಜ್ಞೆ ತಪ್ಪುವುದು.

ಎಚ್ಚರವಿದ್ದು ನುಂಗಬಲ್ಲದಾದರೆ ತಕ್ಷಣ ಊಟ ಕೊಡಿ. ಊಟ ಮುಟ್ಟದಿದ್ದರೆ ಪ್ರತಿ ಕೆಜಿ ತೂಕಕ್ಕೆ ಒಂದು ಗ್ರಾಂ ಗ್ಲುಕೋಸ್ ಪುಡಿ. 10 ಕೆಜಿ ನಾಯಿಗೆ ಸುಮಾರು ಎರಡೂವರೆ ಟೀ ಚಮಚ ಪುಡಿಯನ್ನು ಸ್ವಲ್ಪ ನೀರಿನಲ್ಲಿ ಕಲಸಿ, ಇಲ್ಲವೇ ಒಂದು ಟೇಬಲ್ ಚಮಚ ಜೇನುತುಪ್ಪ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನನ್ನೂ ಸುರಿಯಬಾರದು, ಶ್ವಾಸಕೋಶಕ್ಕೆ ಹೋಗುತ್ತದೆ. ಜೇನನ್ನು ಬೆರಳಿಗೆ ಹಚ್ಚಿಕೊಂಡು ತುಟಿಯ ಒಳಗೆ, ಒಸಡಿನ ಮೇಲೆ ತಿಕ್ಕಿ. ಫಿಟ್ಸ್ ಇರುವಾಗ ಹಲ್ಲುಗಳ ನಡುವೆ ಬೆರಳು ಹೋಗದಂತೆ ಎಚ್ಚರ. ಚೇತರಿಸಿಕೊಂಡ ಕೂಡಲೇ ಊಟ ಕೊಟ್ಟು ಆಸ್ಪತ್ರೆಗೆ ಕರೆದೊಯ್ಯಿರಿ. ಎದ್ದು ಓಡಾಡಿತೆಂದು ಸುಮ್ಮನಾಗಬೇಡಿ, ಒಳಗಿರುವ ಇನ್ಸುಲಿನ್ ಇನ್ನೂ ಕೆಲಸ ಮಾಡುತ್ತಿರುತ್ತದೆ, ಗ್ಲುಕೋಸ್ ಮುಗಿದ ಮೇಲೆ ಮತ್ತೆ ಕುಸಿಯುತ್ತದೆ. ಮುಂದಿನ ಡೋಸ್ ವೈದ್ಯರ ಮಾತಿನ ನಂತರವೇ. ಜೇನಿನ ಸಣ್ಣ ಸೀಸೆಯೊಂದು ಮನೆಯಲ್ಲೂ ವಾಕಿಂಗ್ ಚೀಲದಲ್ಲೂ ಇರಲಿ.

## ಒಂದು ಅಂಕಿ ನೋಡಿ ಡೋಸ್ ಏರಿಸಬಾರದು, ಯಾಕೆ

ಕಿವಿಯ ಅಂಚು, ಒಳತುಟಿ ಅಥವಾ ಮೊಣಕೈಯ ಗಡುಸಾದ ಚರ್ಮದಿಂದ ಒಂದು ಹನಿ ರಕ್ತ ತೆಗೆದು ಮನೆಯಲ್ಲೇ ಅಳೆಯಬಹುದು. ಕಿವಿಯಾದರೆ ಮೊದಲು ಬೆಚ್ಚಗಿನ ಬಟ್ಟೆ ಒತ್ತಿ, ಹಿಂಬದಿಗೆ ಹತ್ತಿ ಆನಿಸಿ ಚುಚ್ಚಿ. ಮನುಷ್ಯರ ಗ್ಲುಕೋಮೀಟರ್ ನಾಯಿಯ ರಕ್ತದಲ್ಲಿ ಹೆಚ್ಚಾಗಿ ಇದ್ದದ್ದಕ್ಕಿಂತ ಕಡಿಮೆ ತೋರಿಸುತ್ತದೆ. ಒಂದೇ ಮೀಟರ್ ಬಳಸಿ, ಅದು ಯಾವುದೆಂದು ವೈದ್ಯರಿಗೆ ತಿಳಿಸಿ. ಚರ್ಮಕ್ಕೆ ಅಂಟಿಸುವ 14 ದಿನಗಳ ಸೆನ್ಸರ್‌ಗಳನ್ನು ನಾಯಿಗಳಿಗೂ ಹಾಕುತ್ತಾರೆ, ಆದರೆ ಎಷ್ಟೋ ನಾಯಿಗಳಲ್ಲಿ ಅದಕ್ಕೂ ಮೊದಲೇ ಕಿತ್ತುಬರುತ್ತದೆ.

ಮುಖ್ಯವಾದದ್ದು ಇಡೀ ದಿನದ ಏರಿಳಿತ. ಬೆಳಿಗ್ಗೆ ಊಟಕ್ಕೆ ಮೊದಲಿನಿಂದ ಸಂಜೆ ಊಟದವರೆಗೆ ಎರಡು ಗಂಟೆಗೊಮ್ಮೆ ಅಳೆದರೆ ಒಂದು ರೇಖೆ ಸಿಗುತ್ತದೆ. ಉದಾಹರಣೆಗೆ ಹೀಗೆ ಬಂತೆನ್ನಿ: 8ಕ್ಕೆ 290, 10ಕ್ಕೆ 230, 12ಕ್ಕೆ 160, ಮಧ್ಯಾಹ್ನ 2ಕ್ಕೆ 105, 4ಕ್ಕೆ 140, 6ಕ್ಕೆ 210, ರಾತ್ರಿ 8ಕ್ಕೆ 280. ಬೆಳಗಿನ 290 ಒಂದನ್ನೇ ನೋಡಿದವರು ಗಾಬರಿಯಾಗಿ ಎರಡು ಯೂನಿಟ್ ಏರಿಸುತ್ತಾರೆ. ಆದರೆ ಈ ರೇಖೆಯ ಅತಿ ಕೆಳಗಿನ ಬಿಂದು 105. ಆ ಬಿಂದು 80ರಿಂದ 150ರ ಒಳಗಿರಬೇಕೆಂಬುದೇ ಗುರಿ, ಇಲ್ಲಿ ಅದು ಸರಿಯಾಗಿಯೇ ಇದೆ. ಡೋಸ್ ಏರಿಸಿದರೆ ಬೆಳಗಿನ 290 ಇಳಿಯುವ ಮೊದಲು ಮಧ್ಯಾಹ್ನದ 105 ಕುಸಿದು 50ಕ್ಕೆ ಹೋಗುತ್ತದೆ. ಕೆಲವೊಮ್ಮೆ ಹಾಗೆ ಕುಸಿದಾಗ ದೇಹ ತನ್ನನ್ನು ಉಳಿಸಿಕೊಳ್ಳಲು ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಸುರಿಯುತ್ತದೆ. ಸಂಜೆ ಅಳೆದವರಿಗೆ 400 ಕಾಣುತ್ತದೆ, ಇನ್ಸುಲಿನ್ ಸಾಲಲಿಲ್ಲ ಎನಿಸುತ್ತದೆ. ನಿಜದಲ್ಲಿ ಅದು ಹೆಚ್ಚಾಗಿತ್ತು.

ಡೋಸ್ ಬದಲಾದ ಮೇಲೆ ದೇಹ ಹೊಂದಿಕೊಳ್ಳಲು ಐದರಿಂದ ಏಳು ದಿನ ಬೇಕು, ಅಲ್ಲಿಯವರೆಗೆ ಮತ್ತೆ ಏರಿಸುವುದಿಲ್ಲ. ತೀರಾ ಇಳಿದರೆ ಮಾತ್ರ ಕಾಯದೆ ಕಡಿಮೆ ಮಾಡುತ್ತಾರೆ. ಸರಿಯಾದ ಡೋಸ್ ಸಿಗಲು ಒಂದೆರಡು ತಿಂಗಳು ಹಿಡಿಯುವುದು ಸಹಜ. ಮನೆಯಲ್ಲಿ ಅಳೆಯಲಾಗದವರಿಗೆ ಕಳೆದ ಎರಡು ಮೂರು ವಾರಗಳ ಸರಾಸರಿ ಹೇಳುವ ಫ್ರಕ್ಟೋಸಮೈನ್ ರಕ್ತಪರೀಕ್ಷೆಯಿದೆ. ಎಲ್ಲಕ್ಕಿಂತ ಸುಲಭದ ಅಳತೆ ನೋಟ್‌ಬುಕ್: ಕುಡಿದ ನೀರು, ತಿಂದ ಊಟ, ವಾರಕ್ಕೊಮ್ಮೆ ತೂಕ. ನೀರು ಕಡಿಮೆಯಾಗಿ ತೂಕ ಏರುತ್ತಿದ್ದರೆ ಚಿಕಿತ್ಸೆ ಹಿಡಿಯುತ್ತಿದೆ.

## ಎಷ್ಟು ಹಾಕಿದರೂ ಇಳಿಯದಿದ್ದರೆ

ಮೊದಲು ಬಾಟಲಿಯ ದಿನಾಂಕ, ಸಿರಿಂಜಿನ ಬಣ್ಣ, ಚುಚ್ಚುವ ಕ್ರಮ, ಕದ್ದುಮುಚ್ಚಿ ಹೋಗುವ ಬಿಸ್ಕತ್ತು ಇವನ್ನು ನೋಡಿ. ಅಲ್ಲಿ ಎಲ್ಲ ಸರಿಯಿದ್ದರೆ ದೇಹದೊಳಗೆ ಇನ್ಸುಲಿನ್‌ಗೆ ಅಡ್ಡಬರುವುದು ಏನೋ ಇದೆ. ಹೆಣ್ಣು ನಾಯಿ ಬೆದೆಗೆ ಬಂದ ನಂತರದ ಎರಡು ತಿಂಗಳು ಏರುವ ಪ್ರೊಜೆಸ್ಟರಾನ್ ಎಂಬ ಹಾರ್ಮೋನ್ ಇನ್ಸುಲಿನ್ ಕೆಲಸವನ್ನು ತಡೆಯುತ್ತದೆ, ಆದ್ದರಿಂದ ಸಂತಾನಹರಣ ಶಸ್ತ್ರಚಿಕಿತ್ಸೆ ಚಿಕಿತ್ಸೆಯದೇ ಭಾಗ. ಅದನ್ನು ಬೇಗ ಮಾಡಿಸಿದರೆ ಕೆಲವು ನಾಯಿಗಳಲ್ಲಿ ಕಾಯಿಲೆಯೇ ಹಿಂದೆ ಸರಿಯುವುದುಂಟು. ಮೂತ್ರದ ಸೋಂಕು, ಕೊಳೆತ ಹಲ್ಲು, ದೇಹವೇ ಸ್ಟೆರಾಯ್ಡ್ ಹಾರ್ಮೋನನ್ನು ಅತಿಯಾಗಿ ತಯಾರಿಸುವ ಕುಶಿಂಗ್ ಕಾಯಿಲೆ ಕೂಡ ಕಾರಣವಾಗಬಹುದು. ತುರಿಕೆಗೆಂದು ಕೊಡುವ ಪ್ರೆಡ್ನಿಸೊಲೋನ್, ಡೆಕ್ಸಾಮೆಥಾಸೋನ್‌ನಂಥ ಸ್ಟೆರಾಯ್ಡ್‌ಗಳನ್ನು ಮರೆಯಬೇಡಿ, ಕಿವಿಗೆ ಹಾಕುವ ಹನಿಗಳಲ್ಲೂ ಅವು ಇರುತ್ತವೆ. ಬೇರೆ ವೈದ್ಯರ ಬಳಿ ಹೋದಾಗ ನಾಯಿಗೆ ಮಧುಮೇಹ ಇದೆಯೆಂದು ಮೊದಲ ಮಾತಾಗಿ ಹೇಳಿ.

## ಅದೇ ದಿನ ಆಸ್ಪತ್ರೆಗೆ ಹೋಗಬೇಕಾದ ಸ್ಥಿತಿ

ಇನ್ಸುಲಿನ್ ಸಿಗದ ದೇಹ ಕೊಬ್ಬನ್ನೇ ಕರಗಿಸುತ್ತಾ ಹೋದರೆ ಕೀಟೋನ್ ಎಂಬ ಆಮ್ಲೀಯ ವಸ್ತುಗಳು ರಕ್ತದಲ್ಲಿ ತುಂಬುತ್ತವೆ. ಊಟ ಬಿಡುವುದು, ವಾಂತಿ, ಸುಸ್ತು, ಜೋರು ಉಸಿರಾಟ, ಉಸಿರಿನಲ್ಲಿ ಕೊಳೆತ ಹಣ್ಣಿನ ಅಥವಾ ಉಗುರು ಬಣ್ಣ ಅಳಿಸುವ ದ್ರವದ ವಾಸನೆ ಅದರ ಗುರುತು. ಮೆಡಿಕಲ್ ಸ್ಟೋರಿನ ಮೂತ್ರದ ಪಟ್ಟಿಯಲ್ಲಿ ಸಕ್ಕರೆ, ಕೀಟೋನ್ ಎರಡೂ ಗೊತ್ತಾಗುತ್ತವೆ. ಕೀಟೋನ್ ಬಣ್ಣ ಕಂಡು ನಾಯಿ ಮಂಕಾಗಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ. ಡ್ರಿಪ್ ಮತ್ತು ಗಂಟೆಗಂಟೆಯ ನಿಗಾ ಬೇಕು, ಮನೆಯಲ್ಲಿ ಮಾಡುವಂಥದ್ದು ಏನೂ ಇಲ್ಲ.

## ಕಣ್ಣು

ಡೋಸ್ ಸರಿಯಿದ್ದ ಮನೆಗಳಲ್ಲೂ ನಾಯಿಗೆ ಕಣ್ಣಿನ ಪೊರೆ ಬರುತ್ತದೆ, ಆದ್ದರಿಂದ ಯಾರೂ ತಮ್ಮ ತಪ್ಪೆಂದು ಕೊರಗಬಾರದು. ಹೆಚ್ಚಿದ ಸಕ್ಕರೆ ಕಣ್ಣಿನ ಮಸೂರದೊಳಗೆ ಸಾರ್ಬಿಟಾಲ್ ಎಂಬ ವಸ್ತುವಾಗಿ ಮಾರ್ಪಟ್ಟು ಅಲ್ಲೇ ಉಳಿಯುತ್ತದೆ, ನೀರನ್ನು ಎಳೆದುಕೊಳ್ಳುತ್ತದೆ, ಮಸೂರ ಊದಿ ಬಿಳಿಚುತ್ತದೆ. ಮಧುಮೇಹ ಪತ್ತೆಯಾದ ಸುಮಾರು ಒಂದು ವರ್ಷದೊಳಗೆ ನಾಲ್ಕರಲ್ಲಿ ಮೂರು ನಾಯಿಗಳಿಗೆ ಕಣ್ಣಿನ ಪೊರೆ ಬರುತ್ತದೆ, ಕೆಲವಕ್ಕೆ ಕೆಲವೇ ದಿನಗಳಲ್ಲಿ. ಮನುಷ್ಯರಿಗೆ ಮಾಡುವಂಥ ಶಸ್ತ್ರಚಿಕಿತ್ಸೆ ನಾಯಿಗೂ ಇದೆ. ಸಕ್ಕರೆ ಹಿಡಿತಕ್ಕೆ ಬಂದಿರಬೇಕು, ಪೊರೆ ಕಂಡ ಕೂಡಲೇ ತೋರಿಸಿರಬೇಕು. ತಡವಾದರೆ ಊದಿದ ಮಸೂರ ಸೋರಿ ಕಣ್ಣೊಳಗೆ ಉರಿಯೂತವಾಗುತ್ತದೆ. ಕಣ್ಣು ಕೆಂಪಾಗಿ, ಕಿರಿದು ಮಾಡಿಕೊಂಡು ಉಜ್ಜುತ್ತಿದ್ದರೆ ನೋವಿದೆ ಎಂದರ್ಥ.

ಶಸ್ತ್ರಚಿಕಿತ್ಸೆ ಆಗದ ನಾಯಿಯೂ ಮನೆಯನ್ನು ಮೂಗಿನಿಂದ, ಕಿವಿಯಿಂದ, ಕಾಲಿನ ಅಡಿಯಿಂದ ಓದಿಕೊಳ್ಳುತ್ತದೆ. ಸೋಫಾ, ಮಂಚ ಜರುಗಿಸಬೇಡಿ. ಮೆಟ್ಟಿಲಿನ ಮೊದಲ ಹೆಜ್ಜೆಗೆ ಒರಟು ಗೋಣಿಚೀಲದ ತುಂಡು ಹಾಸಿ, ಅಂಗಾಲಿಗೆ ಗುರುತು ಸಿಗುತ್ತದೆ. ಮುಟ್ಟುವ ಮೊದಲು ಹೆಸರು ಹಿಡಿದು ಕರೆಯಿರಿ. ನೀರಿನ ಬಟ್ಟಲು ಇವತ್ತು ಎಲ್ಲಿದೆಯೋ ನಾಳೆಯೂ ಅಲ್ಲೇ ಇರಲಿ.